ಆ ರಿಪೋರ್ಟ್ ಫೈಲಿನಲ್ಲೇ ಇತ್ತು

ಕೆಮ್ಮಿದರೆ ರಕ್ತ ಬೀಳುತ್ತೆ ಅಂತ ಮೆಡಿಸಿನ್ ವಾರ್ಡಿಗೆ ಸೇರಿದ್ದ ಹೆಣ್ಣುಮಗಳು. ಟಿಬಿ ಇರಬಹುದೆಂದು ಕಫ ಕಳಿಸಿದ್ದರು, ಟಿಬಿ ರೋಗಾಣು ಹುಡುಕುವ ಸಿಬಿನಾಟ್ ಪರೀಕ್ಷೆ ನೆಗೆಟಿವ್. ಮುಟ್ಟು ನಿಂತಿದೆ ಅಂದಳೆಂದು ಇಂಟರ್ನ್ ಹುಡುಗಿ ಮೂತ್ರದ ಗರ್ಭ ಪರೀಕ್ಷೆ (ಯುಪಿಟಿ) ಮಾಡಿದ್ದಳು, ಎರಡು ಗೆರೆ, ಅಂದರೆ ಪಾಸಿಟಿವ್. ಹಾಗಾಗಿ ಹೆರಿಗೆ ವಿಭಾಗದ ಡಾಕ್ಟರಾದ ನನ್ನನ್ನು ಕರೆದರು. ಹಾಸಿಗೆ ಹತ್ತಿರ ಹೋದಾಗ ಅವಳೇ ಗುರುತು ಹಿಡಿದಳು: "ಮೇಡಂ, ಅವತ್ತು ರಾತ್ರಿ ಆಪರೇಷನ್ ಮಾಡಿದ್ದು ನೀವೇ ಅಲ್ವಾ?"

ಹೌದು. ಹತ್ತು ವಾರದ ಹಿಂದೆ ಬಲಗಡೆ ಎಕ್ಟೋಪಿಕ್, ಅಂದರೆ ಗರ್ಭಕೋಶದ ಬದಲು ಟ್ಯೂಬಿನಲ್ಲಿ ನಿಂತ ಗರ್ಭ, ಒಡೆದು ಬಂದಿದ್ದಳು. ಟ್ಯೂಬ್ ತೆಗೆದು ಎಚ್‌ಪಿಇಗೆ (ಪೆಥಾಲಜಿಯಲ್ಲಿ ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ) ಕಳಿಸಿ, ಐದನೇ ದಿನ ಮನೆಗೆ ಕಳಿಸಿದ್ದೆ.

ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ. ಈ ಸಲ ಎಡಗಡೆ ಎಕ್ಟೋಪಿಕ್ ಅಂತ ತೀರ್ಮಾನಿಸಿಬಿಟ್ಟೆ. ಆಪರೇಷನ್ ಥಿಯೇಟರಿಗೆ (ಓಟಿ) ಹೇಳಿದೆ, ಎರಡು ಬಾಟಲಿ ರಕ್ತಕ್ಕೆ ಬರೆದೆ. ಕೆಮ್ಮನ್ನು ಮೆಡಿಸಿನ್‌ನವರು ನೋಡಿಕೊಳ್ಳಲಿ ಅಂದುಕೊಂಡೆ. ಅರಿವಳಿಕೆ ಡಾಕ್ಟರು ಬಂದು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದನ್ನ ನೋಡಿದ್ರಾ?" ಎರಡೂ ಶ್ವಾಸಕೋಶ ಸೇರಿ ಐದು ಗುಂಡನೆ ನೆರಳು, ದೊಡ್ಡದು ನಿಂಬೆಹಣ್ಣಿನಷ್ಟು. ಬೆಳಿಗ್ಗೆಯಿಂದ ಕೇಸ್ ಶೀಟಿನ ಹಿಂದೆಯೇ ಇದ್ದ ಫಿಲ್ಮ್. ನಾನು ಕವರಿನಿಂದ ತೆಗೆದೇ ಇರಲಿಲ್ಲ.

ಓಟಿ ನಿಲ್ಲಿಸಿ, ರಕ್ತದಲ್ಲಿ ಗರ್ಭದ ಹಾರ್ಮೋನ್ ಎಷ್ಟಿದೆ ಎಂದು ಅಳೆಯುವ ಬೀಟಾ ಎಚ್‌ಸಿಜಿ ಕಳಿಸಿದೆವು. ಪ್ರಮಾಣ ತೀರಾ ಹೆಚ್ಚಿದೆ, ಮಷಿನ್ ಓದುತ್ತಿಲ್ಲ, ಡೈಲ್ಯೂಟ್ ಮಾಡಿ ಮತ್ತೆ ಹಾಕ್ತೀವಿ ಅಂದರು ಲ್ಯಾಬಿನವರು. ಅಷ್ಟರಲ್ಲಿ ರೆಕಾರ್ಡ್ ರೂಮಿಗೆ ಓಡಿ ಹಳೇ ಫೈಲ್ ತೆಗೆಸಿದೆ. ಡಿಸ್ಚಾರ್ಜ್ ಆದ ಒಂಬತ್ತನೇ ದಿನ ಬಂದ ಎಚ್‌ಪಿಇ ರಿಪೋರ್ಟ್, ಮಡಿಕೆ ಬಿಚ್ಚಿರಲಿಲ್ಲ, ಪಿನ್ ಹಾಗೇ ಇತ್ತು. ಒಳಗೆ ಒಂದೇ ಪದ ಕಣ್ಣಿಗೆ ಹೊಡೆಯಿತು: ಕೋರಿಯೋಕಾರ್ಸಿನೋಮಾ. ಗರ್ಭದ ಮಾಸಿನ ಜೀವಕೋಶಗಳಿಂದ ಹುಟ್ಟಿ ಶ್ವಾಸಕೋಶಕ್ಕೆ ಹರಡುವ ಕ್ಯಾನ್ಸರ್; ಎಚ್‌ಸಿಜಿ ಸುರಿಸುವುದೂ ಅದೇ. ಕೈ ನಡುಗಿತು. ಲ್ಯಾಬಿನಿಂದ ಫೋನ್ ಬಂತು, ಎಚ್‌ಸಿಜಿ 2 ಲಕ್ಷ ದಾಟಿದೆ.

ಈ ಕ್ಯಾನ್ಸರ್ ಮುತ್ತುಗರ್ಭದ (ಮಗುವಿನ ಬದಲು ಗುಳ್ಳೆಗಳ ಗೊಂಚಲು ಬೆಳೆಯುವ ಗರ್ಭ) ನಂತರ ಬರುವುದೇ ಹೆಚ್ಚು, ಟ್ಯೂಬಿನಲ್ಲೇ ಹುಟ್ಟುವುದು ತೀರಾ ಅಪರೂಪ. ಆದರೆ ಟ್ಯೂಬ್ ತೆಗೆದ ಮೇಲೂ ವಾರಕ್ಕೊಮ್ಮೆ ಎಚ್‌ಸಿಜಿ ನೋಡಿದ್ದರೆ ಅದು ಇಳಿಯದಿರುವುದು ಅವತ್ತೇ ಗೊತ್ತಾಗುತ್ತಿತ್ತು. ಶ್ವಾಸಕೋಶದ ಗಂಟಿಗೆ ಸೂಜಿ ಹಾಕಿ ಚೂರು ತೆಗೆಯೋಣವೇ ಎಂದು ಪಿಜಿ ವಿದ್ಯಾರ್ಥಿ ಕೇಳಿದ. ಬೇಡ ಅಂದೆ. ಅದು ರಕ್ತ ತುಂಬಿದ ಗಂಟು, ಸುರಿಯತೊಡಗಿದರೆ ನಿಲ್ಲಿಸುವುದು ಕಷ್ಟ.

ಈ ಕ್ಯಾನ್ಸರ್ ಎಷ್ಟು ಅಪಾಯದ್ದು ಎಂದು ಅಳೆಯುವ ಫಿಗೋ ಸ್ಕೋರ್ ಕೂಡಿಸಿದೆವು: ಎಚ್‌ಸಿಜಿಗೆ 4, ಐದು ಗಂಟಿಗೆ 2, ಗಾತ್ರಕ್ಕೆ 1, ಹಿಂದಿನ ಗರ್ಭಕ್ಕೆ 1. ಒಟ್ಟು 8. ಆರರೊಳಗಿದ್ದರೆ ಬರೀ ಮೆಥೊಟ್ರೆಕ್ಸೇಟ್ ಎಂಬ ಒಂದೇ ಔಷಧಿಯಿಂದ ಶುರು ಮಾಡಬಹುದಿತ್ತು. ಈಗ ಐದು ಔಷಧಿಯ ಕೀಮೋ, ಎಮಾ-ಕೋ. ನಾನು ಓದದ ಒಂದು ಕಾಗದಕ್ಕೆ ಅವಳ ಕೂದಲೆಲ್ಲ ಉದುರಿತು.

"ರಿಪೋರ್ಟ್ ಮೊದಲೇ ಬಂದಿತ್ತಮ್ಮ, ನಾನು ನೋಡಲಿಲ್ಲ" ಅಂತ ಅವಳಿಗೂ ಗಂಡನಿಗೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಮುಂದೆ ಮಕ್ಕಳಾಗುತ್ತಾ?" ಗರ್ಭಕೋಶ ಇದೆ, ಎಡಗಡೆ ಟ್ಯೂಬ್ ಇದೆ, ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷ ಕಾಯಬೇಕು ಅಂದೆ.

ಎಚ್‌ಪಿಇಯಲ್ಲಿ ಕ್ಯಾನ್ಸರ್ ಬಂದರೆ ಫೋನ್ ಮಾಡುವ ಪದ್ಧತಿ ತನ್ನಿ ಎಂದು ಆಡಳಿತಕ್ಕೆ ಎರಡು ಸಲ ಬರೆದುಕೊಟ್ಟೆ. ಸಾಫ್ಟ್‌ವೇರ್ ಬರುತ್ತಿದೆ ಅನ್ನುತ್ತಾರೆ. ಅಲ್ಲಿಯವರೆಗೆ ಒಂದು ಉದ್ದದ ನೋಟ್‌ಬುಕ್ ಇಟ್ಟಿದ್ದೇನೆ. ಕಳಿಸಿದ ಪ್ರತಿ ಟ್ಯೂಬಿಗೂ ಒಂದು ಸಾಲು, ರಿಪೋರ್ಟ್ ನಾನೇ ಓದಿದ ಮೇಲೆ ಸಹಿ. ಶನಿವಾರ ಸಹಿ ಇಲ್ಲದ ಸಾಲು ಮೂರಿದ್ದವು. ಪೆಥಾಲಜಿಗೆ ನಾನೇ ಇಳಿದು ಹೋದೆ.