ಮರ ಏರುವವರ ನಾಡಿ ಎಣಿಸಿದಾಗ

ಅಡಿಕೆಗೆ ಮದ್ದು ಬಿಡುವ ಕೆಲಸ ಸುರುವಾಗುವ ಮೊದಲು, ಬದಿಯಡ್ಕದ ಸಮೀಪದ ನಮ್ಮೂರಿನ ಕೆಲವು ಕೊನೆಗಾರರಿಗೆ, ಅಂದರೆ ಅಡಿಕೆ ಮರ ಏರಿ ದುಡಿಯುವವರಿಗೆ, ಈ ಸಲ ಮೆಟ್ಟಿಲು ಪರೀಕ್ಷೆ ಮಾಡಿಸಿದೆ. ದುಡಿಯುವ ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದೆಂಬುದನ್ನು ನಿಖರವಾಗಿ ಅಳೆಯಬೇಕಾದರೆ ಮುಖವಾಡ ಕಟ್ಟಿ, ಉಸಿರಾಡುವ ಗಾಳಿಯನ್ನೇ ಯಂತ್ರದಲ್ಲಿ ಪರೀಕ್ಷಿಸಬೇಕು. ಫಿಸಿಯೋಥೆರಪಿಸ್ಟ್ ಆದ ನನ್ನ ಬಳಿ ಅಂಥ ಯಂತ್ರವಿಲ್ಲ. ಆದರೆ ಶ್ರಮ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ನಾಡಿಬಡಿತವೂ ಬಹುಮಟ್ಟಿಗೆ ಜೊತೆಯಾಗಿ ಏರುವುದರಿಂದ, ನಾಡಿ ಎಣಿಸಿ ಅಂದಾಜು ಮಾಡಬಹುದು.

ರಕ್ತದೊತ್ತಡ ನೋಡಿ, ಎದೆನೋವಿನ ದೂರು ಇದ್ದವರನ್ನು ಬಿಟ್ಟು, ಕ್ವೀನ್ಸ್ ಕಾಲೇಜ್ ಪರೀಕ್ಷೆಯನ್ನು ಆರಿಸಿಕೊಂಡೆ. ಮುರಕಲ್ಲು ಜೋಡಿಸಿ, ಮೇಲೆ ಅಲುಗಾಡದ ಹಲಗೆಯಿಟ್ಟು, 41.3 ಸೆಂಟಿಮೀಟರ್ ಎತ್ತರ ಮಾಡಿದೆವು. ಗಂಡಸರು ನಿಮಿಷಕ್ಕೆ 24 ಸಲದಂತೆ 3 ನಿಮಿಷ ಹತ್ತಿಳಿಯಬೇಕು. ನಿಂತ 5 ಸೆಕೆಂಡಿನ ಬಳಿಕ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ಆ ಸಂಖ್ಯೆಯ 0.42 ಪಾಲನ್ನು 111.33ರಿಂದ ಕಳೆದರೆ, ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಗರಿಷ್ಠ ಇಷ್ಟು ಮಿಲಿಲೀಟರ್ ಆಮ್ಲಜನಕ ಎಂಬ ಉತ್ತರ ಸಿಗುತ್ತದೆ. ಎಣಿಕೆಯಲ್ಲಿ ಒಂದೇ ಬಡಿತ ತಪ್ಪಿದರೂ ಉತ್ತರ 1.68ರಷ್ಟು ಸರಿಯುತ್ತದೆ, ಆದ್ದರಿಂದ ಇಬ್ಬರು ಎಣಿಸುವುದು ಒಳ್ಳೆಯದು.

28ರ ಯುವಕನ ನಾಡಿ 160 ಇತ್ತು, ಉತ್ತರ 44.13. 54ರ ಅಣ್ಣನೊಬ್ಬರ ನಾಡಿ 148, ಉತ್ತರ 49.17. "ನನಗೆ ಇನ್ನೂ ದಮ್ಮು ಉಂಟು" ಎಂದು ಅವರು ಸಂತೋಷಪಟ್ಟರು. ಆದರೆ ಅವರ ಅಂಗಿ ಬೆನ್ನಿಗಂಟಿತ್ತು, ಮಾತು ನಡುನಡುವೆ ಕಡಿಯುತ್ತಿತ್ತು. ಆ ಸೂತ್ರ ಹುಟ್ಟಿದ್ದು ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ. ವಯಸ್ಸಾದಂತೆ ಗರಿಷ್ಠ ನಾಡಿಯೇ ಇಳಿಯುತ್ತದೆ: 220ರಿಂದ ವಯಸ್ಸು ಕಳೆಯುವ ಸ್ಥೂಲ ಲೆಕ್ಕದಲ್ಲಿ ಅಣ್ಣನ ಗರಿಷ್ಠ 166, ಯುವಕನದು 192. ಅಂದರೆ ಅಣ್ಣ ತಮ್ಮ ಮಿತಿಯ ಶೇಕಡಾ 89ನ್ನು ಮುಟ್ಟಿದ್ದರು, ಯುವಕ 83ನ್ನು ಮಾತ್ರ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ತಗ್ಗಿಸಿ ಇದೇ ಬಗೆಯ ಮೋಸ ಮಾಡುತ್ತವೆ. ಸೆಕೆಯಾದರೋ ಅದನ್ನು ಏರಿಸುತ್ತದೆ.

ತೋಟದ ಯಜಮಾನರೊಬ್ಬರು ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ನನ್ನ ಪಟ್ಟಿ ಕೇಳಿದರು. ನಾನು ಕೊಡಲಿಲ್ಲ. ಇಷ್ಟು ತಪ್ಪಿಗೆ ಎಡೆಯಿರುವ ಅಂದಾಜಿನಿಂದ ಒಬ್ಬರ ಕೂಲಿಯನ್ನು ಕಸಿಯುವುದು ಅನ್ಯಾಯ. ದಿನವಿಡೀ ಮಾಡುವ ದುಡಿಮೆ ಸರಾಸರಿಯಲ್ಲಿ ಗರಿಷ್ಠ ಶಕ್ತಿಯ ಮೂರನೇ ಒಂದು ಪಾಲನ್ನು ಮೀರಬಾರದು ಎಂಬ ರೂಢಿಯ ಮಿತಿಯಿದೆ. ವಿಶ್ರಾಂತಿ ಎಷ್ಟು ಬೇಕೆಂದು ತಿಳಿಯುವುದಕ್ಕೇ ಈ ಪರೀಕ್ಷೆ. ಈಗ ಆ ಅಣ್ಣ ಮರ ಇಳಿದು ಒಂದು ನಿಮಿಷ ಕುಳಿತು ಮಣಿಕಟ್ಟು ಹಿಡಿಯುತ್ತಾರೆ. ನಾಡಿ 110ಕ್ಕಿಂತ ಮೇಲಿದ್ದರೆ, ಅದು ಇಳಿಯುವ ತನಕ ಮರ ಏರಲು ಬಳಸುವ ತಳೆಯನ್ನು (ಕಾಲಿನ ಬಳೆಯನ್ನು) ಹಾಕುವುದಿಲ್ಲ.