ಲಾಟ್ರಿ ಹೊಡೆದದ್ದು ಒಂದು ಲಕ್ಷ, ತಲೆಬಿಸಿ ಆದದ್ದು 1,080 ರೂಪಾಯಿಗೆ

ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯುವವರ ಮುಖದ ಎದುರು ಟಿಕೆಟ್ ಹಿಡ್ಕೊಂಡು "ನಾಳೆಯಾಣ್ ನಾಳೆಯಾಣ್" ಅಂತ ಕೂಗುವ ರಾಗ ನಾನು ಸಣ್ಣವನಿದ್ದಾಗಿಂದ ಕೇಳ್ತಾ ಇದ್ದೇನೆ. ಮಲಯಾಳದಲ್ಲೂ ಕನ್ನಡದಲ್ಲೂ ನಾಳೆ ಅಂದ್ರೆ ನಾಳೆಯೇ, ಹಾಗಾಗಿ ಆಸೆ ಹುಟ್ಟಿಸ್ಲಿಕ್ಕೆ ಭಾಷೆ ಅಡ್ಡ ಬರುವುದಿಲ್ಲ. ಕೇರಳ ಸರಕಾರವೇ ಮಾರುವ ಲಾಟ್ರಿ, 1967ರಲ್ಲಿ ಶುರುವಾದದ್ದು, ಆಗ ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಕರ್ನಾಟಕದಲ್ಲಿ 2007ರಲ್ಲಿ ಲಾಟ್ರಿ ಬಂದ್ ಆಯ್ತಲ್ಲ, ಆಮೇಲೆ ತಲಪಾಡಿ ದಾಟಿ ಬಂದು ಟಿಕೆಟ್ ತಗೊಂಡು ಹೋಗುವವರೂ ಉಂಟು.

ನಾವು ಮೂರು ಜನ, ನಾನು, ನಮ್ಮ ಶಾಲೆಯ ಪೀಟಿ ಮಾಷ್ಟ್ರು, ಹಿಂದಿ ಮಾಷ್ಟ್ರು, ಪ್ರತಿ ಶನಿವಾರ ಒಬ್ಬೊಬ್ಬ 40 ರೂಪಾಯಿ ಹಾಕಿ ಮೂರು ಕಾರುಣ್ಯ ಟಿಕೆಟ್ ತಗೊಳ್ತಿದ್ವಿ, ಬಂದದ್ದು ಸಮಪಾಲು ಅಂತ ಬಾಯಿಮಾತು. ನೂರು ಇನ್ನೂರು ಒಂದೆರಡು ಸಲ ಬಂದಿತ್ತು, ಅದು ಪುನಃ ಟಿಕೆಟಿಗೇ ಹೋಯ್ತು. 2023ರ ಜನವರಿಯಲ್ಲಿ ಒಂದು ಲಕ್ಷದ ಬಹುಮಾನ ಹೊಡೀತು ಮಾರಾಯ್ರೆ. ಸ್ಟಾಫ್ ರೂಮಿನಲ್ಲಿ ಲಡ್ಡು ಹಂಚಿದ್ದೂ ಆಯ್ತು. 5,000ದ ಒಳಗಿನದ್ದಾದ್ರೆ ಅಂಗಡಿಯಲ್ಲೇ ದುಡ್ಡು ಕೊಡ್ತಾರೆ, ಇದು ಅದಕ್ಕಿಂತ ಮೇಲಿನದ್ದು, ಆದ ಕಾರಣ ಟಿಕೆಟಿನ ಹಿಂದೆ ಹೆಸರು, ವಿಳಾಸ, ಸೈನ್ ಹಾಕಿ ಪಾನ್ ಕಾರ್ಡ್ ಆಧಾರ್ ಜೆರಾಕ್ಸ್ ಎಲ್ಲ ಸೇರಿಸಿ ಕೊಡ್ಬೇಕು. ಯಾರ ಹೆಸರು ಬರೆಯುವುದು ಅಂತ ಕೇಳಿದಾಗ ಇಬ್ಬರೂ ನನ್ನ ಕಡೆ ಕೈ ತೋರಿಸಿದ್ರು. ಆಗ ಅದು ದೊಡ್ಡ ಮರ್ಯಾದೆ ಅಂತ ಗ್ರಹಿಸಿದ್ದೆ.

ಕೈಗೆ ಬಂದದ್ದು 63,000. ಉಳಿದ 37,000 ಎಲ್ಲಿ ಹೋಯ್ತು ಅಂದ್ರೆ, ಮೊದಲು ಏಜೆಂಟಿನ ಕಮಿಷನ್ ಶೇಕಡಾ 10 ಕಳೀತಾರೆ, ಆಗ 90,000 ಆಯ್ತು, ಅದರ ಮೇಲೆ ಶೇಕಡಾ 30 ಟಿಡಿಎಸ್, ಅಂದ್ರೆ ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ, 27,000. 21,000ದ ಹಾಗೆ ಪಾಲು ಮಾಡಿ ಹಂಚಿದೆ. ತೆರಿಗೆ ಅವರೇ ಹಿಡ್ಕೊಂಡಿದ್ದಾರಲ್ಲ, ಇನ್ನೆಂತ ಉಂಟು, ಲೆಕ್ಕ ಚುಕ್ತಾ ಅಂತ ಹೇಳಿ ಆ ಜುಲೈಯಲ್ಲಿ ನಾನೇ ಫೋನಿನಲ್ಲಿ ಪ್ರತಿ ವರ್ಷದ ಹಾಗೆ ಐಟಿಆರ್-1 ಅಂತ ಇರುವ ಸಣ್ಣ ರಿಟರ್ನ್ ಫಾರ್ಮ್ ತುಂಬಿಸಿ ಸಂಬಳ ಮಾತ್ರ ತೋರಿಸಿ ಕಳಿಸಿಬಿಟ್ಟೆ.

ನವೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆಯ ಮೆಸೇಜ್ ಬಂತು, ನಿಮ್ಮ ರಿಟರ್ನಿಗೂ ಎಐಎಸ್‌ಗೂ ತಾಳೆ ಆಗುವುದಿಲ್ಲ ಅಂತ. ಎಐಎಸ್ ಅಂದ್ರೆ ನಮ್ಮ ಪಾನಿಗೆ ಯಾರು ಯಾರು ಎಷ್ಟು ಕೊಟ್ಟಿದ್ದಾರೆ ಅಂತ ಇಲಾಖೆಯ ಹತ್ರ ಇರುವ ಪಟ್ಟಿ. ತೆರೆದು ನೋಡಿದ್ರೆ ಲಾಟ್ರಿ 90,000, ಟಿಡಿಎಸ್ 27,000, ಚಂದ ಮಾಡಿ ಬರೆದಿದೆ. ಎದೆ ಧಸಕ್ ಅಂತ ಆಡಿಟರ ಹತ್ರ ಓಡಿದೆ.

ಆಡಿಟರು ಹೇಳಿದ್ರು, "ಮಾಷ್ಟ್ರೆ, ಟಿಡಿಎಸ್ ಹಿಡ್ದದ್ದು ಬೇರೆ, ನೀವು ಆದಾಯ ತೋರಿಸುವುದು ಬೇರೆ. ಲಾಟ್ರಿ ಇದ್ರೆ ಐಟಿಆರ್-1 ಹಾಕ್ಲಿಕ್ಕೇ ಇಲ್ಲ." ಐಟಿಆರ್-2 ಬೇಕು, ಅದರಲ್ಲಿ ಇತರ ಮೂಲದ ಆದಾಯ ಅಂತ ಒಂದು ಶೆಡ್ಯೂಲ್ ಉಂಟು, ಲಾಟ್ರಿಗೆ ಅಲ್ಲಿ ಪ್ರತ್ಯೇಕ ಸಾಲು. ಕೈಗೆ ಬಂದ 63,000 ಅಲ್ಲ, ಪೂರ್ತಿ 90,000 ತೋರಿಸಿ ಆಮೇಲೆ ಟಿಡಿಎಸ್ ಕಳೀಬೇಕು. ಪುಣ್ಯಕ್ಕೆ ಡಿಸೆಂಬರ್ 31ರ ತನಕ ರಿವೈಸ್ ಮಾಡ್ಲಿಕ್ಕೆ ಅವಕಾಶ ಇತ್ತು. ಮತ್ತೆ ಅವರು ಕ್ಯಾಲ್ಕುಲೇಟರ್ ಒತ್ತಿ ಇನ್ನೂ 1,080 ರೂಪಾಯಿ ಕಟ್ಟಬೇಕು ಅಂದ್ರು. ಯಾಕೆ ಅಂದ್ರೆ ನಿಜವಾದ ದರ 30 ಅಲ್ಲ, ತೆರಿಗೆಯ ಮೇಲೆ ಶೇಕಡಾ 4 ಸೆಸ್ ಸೇರಿ 31.2. ಸೆಸ್ಸನ್ನು ಟಿಡಿಎಸ್‌ನಲ್ಲಿ ಹಿಡಿದಿರಲಿಲ್ಲ.

ನಾನು ಸುಮ್ಮನೆ ಇರ್ಲಿಲ್ಲ, ಗಣಿತ ಮಾಷ್ಟ್ರು ನೋಡಿ. ವರ್ಷಕ್ಕೆ 52 ಶನಿವಾರ, ವಾರಕ್ಕೆ 120, ಒಟ್ಟು 6,240 ಟಿಕೆಟಿಗೇ ಹೋಗಿದೆ, ಅದನ್ನಾದ್ರೂ ಕಳೀರಿ ಅಂದೆ. ಆಗುವುದಿಲ್ಲವಂತೆ. ಆದಾಯ ತೆರಿಗೆ ಕಾಯ್ದೆಯ 58(4)ನೇ ಸೆಕ್ಷನಿನಲ್ಲಿ ಖಡಾಖಂಡಿತ ಇತ್ತು, ಲಾಟ್ರಿ, ಇಸ್ಪೀಟು, ಕುದುರೆ ರೇಸು, ಯಾವ ನಮೂನೆಯ ಜುಗಾರಿಯೇ ಆಗಲಿ, ಗೆಲ್ಲಲಿಕ್ಕೆ ಮಾಡಿದ ಖರ್ಚು ಒಂದು ಪೈಸೆಯೂ ಕಳೀಲಿಕ್ಕಿಲ್ಲ. ಸೋತದ್ದನ್ನು ಸಂಬಳದಲ್ಲಿ ಕಳೆದು ಸೆಟ್ ಆಫ್ ಮಾಡುವಂತೆಯೂ ಇಲ್ಲ, ಮುಂದಿನ ವರ್ಷಕ್ಕೆ ದಾಟಿಸುವಂತೆಯೂ ಇಲ್ಲ. ಅಂಗಡಿ ಇಟ್ಟವನಿಗೆ ನಷ್ಟ ಆದ್ರೆ ಎಂಟು ವರ್ಷ ಮುಂದೆ ಎಳೀಬಹುದು, ನಮ್ಮಂಥವರ ಶನಿವಾರದ ನಷ್ಟಕ್ಕೆ ಮಾತ್ರ ಇಲಾಖೆಯ ಪುಸ್ತಕದಲ್ಲಿ ಜಾಗವೇ ಇಲ್ಲ. ಗೆದ್ದಾಗ ಸರಕಾರ ಪಾಲುದಾರ, ಸೋತಾಗ ನೀವ್ಯಾರೋ ನಾನ್ಯಾರೋ. ಟಿಕೆಟ್ ಮಾರಿದ್ದೂ ಸರಕಾರವೇ ಅಂತ ಬೇರೆ ಹೇಳ್ಬೇಕಾ. ತಾಳಮದ್ದಳೆಯಲ್ಲಿ ಧರ್ಮರಾಯನ ಅರ್ಥ ಹೇಳುವವರು ಯಾರಾದ್ರೂ ಈ ಪಾಯಿಂಟ್ ಹಿಡಿದ್ರೆ ಒಂದು ಗಂಟೆ ವಾದಿಸಬಹುದು, ರಾಜ್ಯ ಸೋತದ್ದಕ್ಕೆ ಸೆಟ್ ಆಫ್ ಇಲ್ಲ, ದುರ್ಯೋಧನ ಗೆದ್ದದ್ದಕ್ಕೆ ಮಾತ್ರ 31.2.

ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ವರ್ಷಕ್ಕೆ ಒಂದೆರಡು ಸಲ ಫ್ರೆಂಡ್ಸ್ ಜೊತೆ ಅಟ್ಲಾಂಟಿಕ್ ಸಿಟಿ ಕ್ಯಾಸಿನೋಗೆ ಹೋಗ್ತಾನೆ. ಅವನ ಹತ್ರ ಹೇಳಿಕೊಂಡು ಅತ್ತೆ. ಅಲ್ಲಿ ಗೆದ್ದದ್ದನ್ನು ಪೂರ್ತಿ ತೋರಿಸಬೇಕು, ಸೋತದ್ದನ್ನು ಗೆದ್ದಷ್ಟರ ಮಟ್ಟಿಗೆ ಕಳೀಬಹುದಂತೆ. ಆದ್ರೆ ಸ್ಟಾಂಡರ್ಡ್ ಡಿಡಕ್ಷನ್ ಅಂತ ಲೆಕ್ಕ ಕೊಡದೆ ಸಿಗುವ ನಿಗದಿತ ಕಡಿತ ಬಿಟ್ಟು ಖರ್ಚನ್ನೆಲ್ಲ ಒಂದೊಂದಾಗಿ ತೋರಿಸುವವರಿಗೆ ಮಾತ್ರ, ಹಾಗಾಗಿ ಅವನಂಥ ಸಂಬಳದವನಿಗೆ ಅದು ಉಪಯೋಗಕ್ಕೆ ಬಂದದ್ದೇ ಇಲ್ಲ. ಮತ್ತೆ ಡೈರಿ ಇಡಬೇಕು, ಯಾವ ದಿನ, ಎಲ್ಲಿ, ಎಂತ ಆಟ, ಎಷ್ಟು ಹೋಯ್ತು, ಜೊತೆಗೆ ಯಾರಿದ್ದರು ಅಂತ ಸಹ. 2026ರಿಂದ ಅಲ್ಲಿಯೂ ಬಿಗಿ ಮಾಡಿದ್ದಾರೆ, ನಷ್ಟದ ಶೇಕಡಾ 90 ಮಾತ್ರ ಲೆಕ್ಕಕ್ಕೆ. ಅಂದ್ರೆ 10,000 ಡಾಲರ್ ಗೆದ್ದು 10,000 ಸೋತು ಬರಿಗೈಯಲ್ಲಿ ಮನೆಗೆ ಬಂದವನೂ 1,000 ಡಾಲರಿಗೆ ತೆರಿಗೆ ಕಟ್ಟಬೇಕು. ಇದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನ ಆದದ್ದು ಸುಳ್ಳಲ್ಲ.

ನಮ್ಮಲ್ಲಿ ಆನ್‌ಲೈನ್ ಆಟಕ್ಕೆ ಮಾತ್ರ ಬೇರೆ ಲೆಕ್ಕ ಮಾಡಿದ್ರು, 2023ರ ಏಪ್ರಿಲಿನಿಂದ. ಒಂದೇ ಕಂಪೆನಿಯಲ್ಲಿ ವರ್ಷದಲ್ಲಿ ಹಾಕಿದ್ದು, ತೆಗೆದದ್ದು, ಖಾತೆಯಲ್ಲಿ ಉಳಿದದ್ದು ಎಲ್ಲ ನೋಡಿ ನಿವ್ವಳ ಗೆಲುವಿನ ಮೇಲೆ 30, ಅಂದ್ರೆ ಅಲ್ಲಿ ಸೋತದ್ದಕ್ಕೂ ಒಂದಿಷ್ಟು ಬೆಲೆ ಇತ್ತು. ಆದ್ರೆ 2025ರ ಆಗಸ್ಟಿನಲ್ಲಿ ದುಡ್ಡಿನ ಆನ್‌ಲೈನ್ ಆಟವನ್ನೇ ನಿಷೇಧ ಮಾಡುವ ಕಾನೂನು ಬಂತು, ಅಲ್ಲಿಗೆ ಆ ಕಥೆ ಮುಗೀತು. ಕೋಳಿ ಅಂಕದಲ್ಲಿ ಗೆದ್ದದ್ದಕ್ಕೂ ತೆರಿಗೆ ಉಂಟಾ ಅಂತ ಪೀಟಿ ಮಾಷ್ಟ್ರು ಕೇಳಿದ್ರು. ಉಂಟು, ಆಟ ಕಾನೂನಿಗೆ ವಿರುದ್ಧ ಅಂತ ಆದಾಯ ಬಿಟ್ಟುಹೋಗುವುದಿಲ್ಲ. ಟಿಡಿಎಸ್ ಹಿಡಿಯುವವರು ಇಲ್ಲ ಅಷ್ಟೆ, ಪೊಲೀಸರು ಬಂದ್ರೆ ಕೋಳಿ ಸಮೇತ ಹಿಡೀತಾರೆ.

ಮೊನ್ನೆ ನೆರೆಮನೆಯ ಬೀಡಿ ಕಟ್ಟುವ ಅಕ್ಕ ಕೇಳಿದ್ರು, 12 ಲಕ್ಷದ ತನಕ ತೆರಿಗೆ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ದಾರಲ್ಲ ಮಾಷ್ಟ್ರೆ, ನನಗೆ ಲಾಟ್ರಿ ಬಂದ್ರೆ ಹಿಡಿದದ್ದು ವಾಪಸ್ ಬರ್ಲಿಕ್ಕಿಲ್ವಾ ಅಂತ. ಇಲ್ಲ ಅಕ್ಕಾ. ಹೊಸ ತೆರಿಗೆ ಪದ್ಧತಿಯ ಆ ರಿಯಾಯಿತಿ ಲಾಟ್ರಿ ದುಡ್ಡಿಗೆ ತಾಗುವುದಿಲ್ಲ, ಬೇರೆ ಆದಾಯ ಸೊನ್ನೆ ಇದ್ದರೂ ಲಾಟ್ರಿಗೆ ಮೊದಲ ರೂಪಾಯಿಯಿಂದಲೇ 30. ಟಿಕೆಟ್ ಒಂದಕ್ಕೆ 10,000 ದಾಟದಿದ್ರೆ ಟಿಡಿಎಸ್ ಹಿಡಿಯುವುದಿಲ್ಲ, ಅದಕ್ಕೇ ಅಷ್ಟಕ್ಕೆ ತೆರಿಗೆಯೇ ಇಲ್ಲ ಅಂತ ಊರಿಡೀ ನಂಬಿಕೆ, ಅದೂ ತಪ್ಪು.

ದೊಡ್ಡವರ ಕಥೆ ಇನ್ನೂ ದೊಡ್ಡದು. 2024ರ ಓಣಂ ಬಂಪರಿನ 25 ಕೋಟಿ ಹೊಡೆದದ್ದು ಮಂಡ್ಯ ಜಿಲ್ಲೆ ಪಾಂಡವಪುರದ ಒಬ್ಬ ಮೆಕ್ಯಾನಿಕ್ಕಿಗೆ, ನೆನಪಿರಬಹುದು. ಕಮಿಷನ್ ಎರಡೂವರೆ ಕೋಟಿ, ಟಿಡಿಎಸ್ 6.75 ಕೋಟಿ ಹೋದರೆ ಉಳಿಯುವುದು 15.75 ಕೋಟಿ. ಪೇಪರಿನವರು ಸಾಮಾನ್ಯ ಅಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಅಂಥ ಮೊತ್ತಕ್ಕೆ ಸರ್‌ಚಾರ್ಜ್ ಅಂತ ಇನ್ನೊಂದು ಉಂಟು, ಹೊಸ ಪದ್ಧತಿಯಲ್ಲಿ ತೆರಿಗೆಯ ಮೇಲೆ ಶೇಕಡಾ 25, ಅದು ಮತ್ತೆ ಸೆಸ್ ಸೇರಿದ್ರೆ ಇನ್ನೂ 2 ಕೋಟಿಗೆ ಮೇಲೆ ಮಾರ್ಚ್ 31ರ ಒಳಗೆ ನಾವಾಗಿ ಕಟ್ಟಬೇಕು. ಅಷ್ಟರೊಳಗೆ ಜಾಗ, ಕಾರು, ಮದುವೆ ಅಂತ ದುಡ್ಡು ಕರಗಿಸಿದವ ಏನು ಮಾಡ್ತಾನೋ.

ನನ್ನ 1,080ಕ್ಕೆ ಬರ್ತೇನೆ. ಪೂರ್ತಿ 90,000 ನನ್ನ ಪಾನಿನಲ್ಲಿ ಕೂತದ್ದರಿಂದ ಕಟ್ಟಿದ್ದೂ ನಾನೇ. ಪಾಲು ಇದ್ದರೆ ಟಿಕೆಟ್ ಕೊಡುವಾಗಲೇ ಮೂರು ಜನರ ಹೆಸರು ಹೇಳ್ಬೇಕಿತ್ತು ಅಂತ ಆಡಿಟರು ಬೈದ್ರು. ಅವರ ಫೀಸ್ 1,500, ಇದನ್ನಾದ್ರೂ ಲಾಟ್ರಿ ಖರ್ಚಿಗೆ ಹಾಕಬಹುದಾ ಕೇಳಿದೆ, ನಗಾಡಿದ್ರು. ಸೆಸ್ಸಿನ ಪಾಲು ತಲೆಗೆ 360 ಅಂತ ಸ್ಟಾಫ್ ರೂಮಿನಲ್ಲಿ ಕೇಳಿದಾಗ ಪೀಟಿ ಮಾಷ್ಟ್ರು ಅಲ್ಲೇ ಗೂಗಲ್ ಪೇ ಮಾಡಿದ್ರು. ಹಿಂದಿ ಮಾಷ್ಟ್ರು, "ಗೆದ್ದದ್ದು ನಿಮ್ಮ ಪಾನ್ ಕಾರ್ಡ್ ಅಲ್ವಾ" ಅಂದವರು ಇವತ್ತಿನವರೆಗೆ ಕೊಟ್ಟಿಲ್ಲ. ಈಗ ಟಿಕೆಟಿಗೆ 50 ಆಗಿದೆ, ಶನಿವಾರ ಬಂದ ಕೂಡಲೇ ಅವರ 50 ಮಾತ್ರ ಎಲ್ಲರಿಗಿಂತ ಮೊದಲು ಮೇಜಿನ ಮೇಲೆ ಇರ್ತದೆ.