ಅಜ್ಜನ ಹತ್ಯಾರಿನ ಪೆಟ್ಟಿಗೆಗೆ ಪಾಲಿಶ್ ಹಾಕಿಸಬೇಕೇ?

ಉಡುಪಿಯ ಆಸುಪಾಸಿನಲ್ಲಿ ಹಳೆಯ ಮನೆಯೊಂದನ್ನು ಕೆಡವಿದರೆ ವಾರದೊಳಗೆ ನನ್ನ ಮೊಬೈಲಿಗೆ ಒಂದು ಚಿತ್ರ ಬರುತ್ತದೆ. ಅಂಗಳದ ಬಿಸಿಲಿನಲ್ಲಿ ಮುಚ್ಚಳ ತೆರೆದ ಮರದ ಪೆಟ್ಟಿಗೆ, ಒಳಗೆ ತುಕ್ಕು ಹಿಡಿದ ಉಳಿ, ಬಾಚಿ, ಹಿಡಿ ಮುರಿದ ಗರಗಸ. ಕೆಳಗೆ ಪ್ರಶ್ನೆ: "ಅಜ್ಜನ ಹತ್ಯಾರಿನ ಪೆಟ್ಟಿಗೆ. ಪಾಲಿಶ್ ಹಾಕಿಸುವುದೋ, ಹೀಗೆಯೇ ಇಡುವುದೋ, ಹೇಳಿ ಮಾರಾಯರೇ." ಹಳೆಯ ಮರದ ಸಾಮಾನು ರಿಪೇರಿ ಮಾಡುವುದು ನನ್ನ ಕೆಲಸ. ನನ್ನ ಮೊದಲ ಉತ್ತರ ಯಾವಾಗಲೂ ಒಂದೇ: ಅದನ್ನು ಬಿಸಿಲಿನಿಂದ ಎತ್ತಿ ನೆರಳಿಗೆ ಇಡಿ.

ಎರಡನೆಯದು, ಕವುಚಿ ಹಾಕಿ ತಳ ನೋಡಿ. ಎಲ್ಲರೂ ಮುಚ್ಚಳ ನೋಡುತ್ತಾರೆ, ಪೆಟ್ಟಿಗೆ ಸಾಯುವುದು ತಳದಿಂದ. ಪೆಟ್ಟಿಗೆ ಹಲಸಿನದಾದರೆ, ಆ ಮರದ ಒಳಗಿನ ಕೆಚ್ಚನ್ನು ಒರಲೆ (ಗೆದ್ದಲು) ಸುಲಭಕ್ಕೆ ಮುಟ್ಟುವುದಿಲ್ಲ, ಹೊರಗಿನ ಬಿಳಿ ಭಾಗವನ್ನು ಬಿಡುವುದಿಲ್ಲ. ತಳಕ್ಕೆ ಯಾರೂ ಒಳ್ಳೆಯ ಹಲಗೆ ಹಾಕುತ್ತಿರಲಿಲ್ಲ, ಆಚಾರಿಯೂ ಸ್ವಂತ ಪೆಟ್ಟಿಗೆಗೆ ಜಿಪುಣನೇ. ಸಣ್ಣ ತೂತುಗಳು ಕಂಡರೆ ಮರ ಕೊರೆಯುವ ಕುಟ್ಟೆ ಹುಳು ಹಿಡಿದಿತ್ತು ಎಂದರ್ಥ, ಈಗಲೂ ಇದೆ ಎಂದಲ್ಲ. ಕೆಳಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಡಿ. ಹೊಸ ಹುಡಿ ಬಿದ್ದರೆ ಮಾತ್ರ ಔಷಧಿ. ಬಣ್ಣ, ಎಣ್ಣೆ ಇಲ್ಲದ ಬರಿಯ ಮರವಾದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹೀರಿಕೊಳ್ಳುತ್ತದೆ.

ಇನ್ನು ಪೆಟ್ಟಿಗೆಯ ಮೈಗೆ ಹಿಡಿದ ಕಪ್ಪು. "ಕೊಳೆ ತೆಗೆದರೆ ಒಳಗೆ ಚೆಂದದ ಮರ ಇದೆಯಲ್ಲ" ಎನ್ನುತ್ತಾರೆ. ನಮ್ಮ ಕರಾವಳಿಯ ಪೆಟ್ಟಿಗೆಗಳಲ್ಲಿ ಅದು ಎಷ್ಟೋ ಸಲ ಕೊಳೆಯೇ ಅಲ್ಲ, ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗೆ, ಚಾವಣಿಯ ಪಕ್ಕಾಸಿಗೆ ಬಳಿದು ಉಳಿದದ್ದನ್ನು ಪೆಟ್ಟಿಗೆಗೂ ಬಳಿಯುತ್ತಿದ್ದರು. ಕೈಗೆ ತಾಗಿದರೆ ಚರ್ಮ ಸುಡುವ ಆ ಎಣ್ಣೆಯೇ ಇಷ್ಟು ಮಳೆಗಾಲ ಅದನ್ನು ಕಾದದ್ದು. ಹೊಳಪಿದ್ದರೆ ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಕೆರೆಯದೆ ಮೇಲೊಂದು ತೆಳುವಾದ ಕೈ ಎಳೆದರೆ ಮುಗಿಯಿತು. ಮುಚ್ಚಳದ ಮೇಲಿನ ಕುಂಕುಮದ ಕಲೆಗಳನ್ನು ದಯವಿಟ್ಟು ತೊಳೆಯಬೇಡಿ. ಅದು ಎಷ್ಟೋ ಆಯುಧಪೂಜೆಗಳ ಲೆಕ್ಕ.

ಪಾಲಿಶ್ ಅಂಗಡಿಯವರು ಮೊದಲು ಮಾಡುವುದು ಮರಳುಕಾಗದದ ಯಂತ್ರ ಓಡಿಸುವುದು. ಹಲಸು ಹೊಸದರಲ್ಲಿ ಹಳದಿ, ಕಂದಾಗಲು ದಶಕಗಳು ಬೇಕು. ಯಂತ್ರಕ್ಕೆ ಹತ್ತು ನಿಮಿಷ ಸಾಕು, ಪೆಟ್ಟಿಗೆ ಮತ್ತೆ ಹಳದಿ. ಅವರನ್ನು ಬೈಯುವ ಹಕ್ಕು ನನಗಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನಮ್ಮ ಅಜ್ಜನ ಪೆಟ್ಟಿಗೆಯ ಮುಚ್ಚಳದ ಒಳಬದಿಯನ್ನು ನಾನೇ ಉಜ್ಜಿ ನುಣುಪು ಮಾಡಿದ್ದೆ. ಏನೋ ಪೆನ್ಸಿಲಿನ ಗೀಚು ಇತ್ತು, ಹೋಯಿತು. ಆಯುಧಪೂಜೆಗೆ ಬಂದ ಚಿಕ್ಕಪ್ಪ ಮುಚ್ಚಳ ಎತ್ತಿ ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಚಾವಡಿಯ ಬಾಗಿಲಿನ ಲೆಕ್ಕ ಇತ್ತಲ್ಲ, ಎಲ್ಲಿ?" ಕೋಲು ಅಂಗುಲದಲ್ಲಿ ಬರೆದ ಲೆಕ್ಕ, ಒಂದು ಕೋಲಿಗೆ 24 ಅಂಗುಲ. ಬಾಗಿಲು ಈಗಲೂ ಇದೆ. ಅಜ್ಜನ ಕೈಬರಹ ಬೇರೆಲ್ಲೂ ಇರಲಿಲ್ಲ.

ಹಾಗೆಂದು ಏನನ್ನೂ ಮುಟ್ಟಬಾರದು ಎನ್ನುವವನೂ ನಾನಲ್ಲ. ಬಿಜಾಗರಿ ಕಿತ್ತುಬಂದ ಮುಚ್ಚಳವನ್ನು ಹಾಗೇ ಬಿಟ್ಟರೆ ಒಂದು ದಿನ ಬಿದ್ದು ಸೀಳುತ್ತದೆ. ಹಾನಿ ಮುಂದುವರಿಯುತ್ತಿದ್ದರೆ ನಿಲ್ಲಿಸಬೇಕು, ನಿಂತಿದ್ದರೆ ಸುಮ್ಮನಿರಬೇಕು, ಮಾಡಿದ್ದನ್ನು ನಾಳೆ ಬಿಚ್ಚಲು ಬರಬೇಕು. ಪೆಟ್ಟಿಗೆಯನ್ನು ಇನ್ನೂ ಕೆಲಸಕ್ಕೆ ಒಯ್ಯುವ ಆಚಾರಿ ಕೇಳಿದರೆ ಮಾತ್ರ ನನ್ನ ಉತ್ತರ ಬೇರೆ: ಬೇಕಾದ್ದನ್ನೆಲ್ಲ ಬದಲಿಸಿ, ಅದು ನಿಮ್ಮದು.

ಋತುವನ್ನೂ ನೋಡಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಮುಚ್ಚಳ ಬಿಗಿಯಾಯಿತೆಂದು ಕೀಸುಳಿ ಹಾಕಿದರೆ ಶಿವರಾತ್ರಿಯ ಹೊತ್ತಿಗೆ ಬೆರಳು ತೂರುವಷ್ಟು ಸಂದು. ಬೇಸಿಗೆಯ ಬಿರುಕಿಗೆ ಗಟ್ಟಿ ಲಪ್ಪ (ಪುಟ್ಟಿ) ತುಂಬಿದರೆ ಮಳೆಗೆ ಉಬ್ಬಿದ ಮರ ಇನ್ನೊಂದು ಕಡೆ ಸೀಳುತ್ತದೆ. ಬೆಂಗಳೂರಿನ ಮಗನ ಮನೆಗೆ ಕಳಿಸುವವರೂ ಇದನ್ನು ನೆನಪಿಡಿ, ಅಲ್ಲಿನ ಒಣ ಗಾಳಿಗೆ ನಮ್ಮ ಮರ ಕುಗ್ಗುತ್ತದೆ. ವಿದೇಶದ ಮಗನಿಗೆ ಕಳಿಸುವ ಆಸೆಯಿದ್ದರೆ, ನೂರು ವರ್ಷ ದಾಟಿದ ಕುಶಲಕೆಲಸದ ವಸ್ತು 1972ರ ಕಾಯ್ದೆಯಂತೆ ಪುರಾತನ ವಸ್ತು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಕಳೆದ ಮಳೆಗಾಲಕ್ಕೆ ಮೊದಲು ಒಬ್ಬರು ತಳವಿಲ್ಲದ ಪೆಟ್ಟಿಗೆ ತಂದರು. ಕೆಡವಿದ ಮನೆಯ ಹಲಸಿನ ಹಲಗೆ ಹುಡುಕಿ ಹಾಕಿದೆ, ಬಣ್ಣ ಹೊಂದಿಸಲು ಹೋಗಲಿಲ್ಲ. ಹಲಗೆ ಹೊಸತಾಗಿ ಹಾಕಿದ್ದು ಎಂದು ಒಳಬದಿಯಲ್ಲಿ ತಿಂಗಳು, ವರ್ಷ ಬರೆದೆ, ಪೆನ್ಸಿಲಿನಲ್ಲಿ. "ಇದು ಯಾಕೆ, ಅಳಿಸಲೇ?" ಎಂದು ಅವರ ಮಗಳು ಕೇಳಿದಳು. ಬೇಡ ಎಂದೆ.